ಸೆರಗಿನ ಮರೆಯ ಕೂಸು

ನಮ್ಮ ಕಡೆ ಮನೆಗೆ ಬಂದ ಬೀಗರು ನೀರು ಕುಡಿದು ತಂಬಿಗೆ ಕೆಳಗಿಡುವ ಮೊದಲೇ ಕೂಸನ್ನು ಮಾತಿಗೆಳೆಯುತ್ತಾರೆ. “ಬಾ ಇಲ್ಲಿ, ನಿನ್ನ ಹೆಸರೇನವಾ?” ಕೂಸು ಗಟ್ಟಿಯದಾದರೆ ಹೆಸರಿನ ಜೊತೆ ಮನೆಯ ಗುಟ್ಟನ್ನೂ ಹೇಳಿ ತಾಯಿಯ ಮಾನ ಕಳೆಯುತ್ತದೆ. ನಾಚಿಕೆಯದಾದರೆ ಸೆರಗಿನ ಹಿಂದೆ ಹೊಕ್ಕು ಒಂದೇ ಕಣ್ಣು ಹೊರಗಿಡುತ್ತದೆ. ಕೊಪ್ಪಳದ ಕೋಟೆಗೆ 1790ರಲ್ಲಿ ಬ್ರಿಟಿಷರೂ ನಿಜಾಮನ ಸೈನ್ಯವೂ ಮುತ್ತಿಗೆ ಹಾಕಿದಾಗ ಅದು ತಿಂಗಳುಗಟ್ಟಲೆ ತಡೆದು ಕೊನೆಗೆ ಕೈಬಿಟ್ಟಿತು. ಸೆರಗಿನ ಕೋಟೆಯನ್ನು ಮಾತ್ರ ಯಾವ ಬೀಗರೂ ಗೆದ್ದದ್ದು ನಾನು ಕಂಡಿಲ್ಲ.

ಅದರಲ್ಲೂ ನಮ್ಮದು ಇಳಕಲ್ಲಿನ ಸೆರಗು. ಕುಷ್ಟಗಿಯಿಂದ ಇಳಕಲ್ಲು ದೂರವೇನಲ್ಲ. ಆ ಸೀರೆಯ ಒಡಲಿನ ಹಾಸು ಬೇರೆ, ಸೆರಗಿನ ಹಾಸು ಬೇರೆ. ಎರಡನ್ನೂ ಎಳೆ ಎಳೆಯಾಗಿ ಕೊಂಡಿ ಹಾಕಿ ಕೂಡಿಸುತ್ತಾರೆ. ಕೂಸು ಎಷ್ಟು ಜಗ್ಗಿದರೂ ಕೊಂಡಿ ಬಿಡುವುದಿಲ್ಲ. ಆ ಮಗ್ಗದವರ ಮನೆಯಲ್ಲೂ ನಾಚಿಕೆಯ ಕೂಸುಗಳು ಇದ್ದಿರಬೇಕು ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ನನ್ನ ಮಗಳು ಅಂಥ ಕೂಸು. ಮನೆಯಲ್ಲಿ ಬೆಳಗಿನಿಂದ ರಾತ್ರಿವರೆಗೆ ಬಾಯಿಗೆ ಬಿಡುವಿಲ್ಲ. ಹೊಸ್ತಿಲ ಹೊರಗೆ ಹೊರಗಿನವರ ಚಪ್ಪಲಿ ಕಂಡರೆ ಸಾಕು, ಮೌನವ್ರತ. “ಕೂಸಿಗೆ ಮಾತ ಬರಂಗಿಲ್ಲೇನ?” ಎಂದು ಓಣಿಯವರು ಕೇಳಿದರೆ ನಮ್ಮ ಅತ್ತಿಯವರಿಗೆ ಸಿಟ್ಟು. “ಬರ್ತೈತ್ರೀ, ನಿಮ್ಮ ಕೂಡ ಆಡಾಂಗಿಲ್ಲ ಅಷ್ಟ” ಎಂದು ಹೇಳಿ ಚಹಾಕ್ಕೆ ನೀರಿಡಲು ಒಳಗೆ ಹೋಗುತ್ತಿದ್ದರು.

ನೋಡಿ, ಇದು ಎಂಥ ನಾಡು! ಒಂಬತ್ತನೆಯ ಶತಮಾನದ ‘ಕವಿರಾಜಮಾರ್ಗ’ ತಿರುಳುಗನ್ನಡದ ಊರುಗಳನ್ನು ಹೆಸರಿಸುವಾಗ ಕೊಪಣವನ್ನೂ ಎಣಿಸಿದೆ. ಆ ಕೊಪಣವೇ ಇಂದಿನ ಕೊಪ್ಪಳ. ಅಂಥ ಊರಲ್ಲಿ ಹುಟ್ಟಿದ ಕೂಸು ‘ಅವ್ವಾ’ ಎನ್ನುವುದಕ್ಕೂ ಕಿವಿಯ ಹತ್ತಿರ ಬಂದು ಪಿಸುಗುಟ್ಟುತ್ತಿತ್ತು. ಗಂಗಾವತಿಯ ಸಂಬಂಧಿಕರೊಬ್ಬರು ನನಗೆ ಸಮಾಧಾನ ಹೇಳಿದರು: “ಚಿಂತಿ ಮಾಡಬ್ಯಾಡ. ಆನೆಗೊಂದಿ ಕಡೆ ಅಂಜನಾದ್ರಿ ಐತಲ್ಲ, ಅಲ್ಲಿ ಹುಟ್ಟಿದ ಹನುಮಪ್ಪಗೂ ತನ್ನ ಶಕ್ತಿ ತನಗ ಗೊತ್ತಿರಲಿಲ್ಲ. ಜಾಂಬವಂತ ನೆನಪ ಮಾಡಿಕೊಟ್ಟ ಮ್ಯಾಲೆ ಸಮುದ್ರ ಹಾರಿದ.” ಅಂದಿನಿಂದ ನಾನು ಜಾಂಬವಂತನ ಕೆಲಸ ಹಿಡಿದೆ.

ನಾಚಿಕೆ ಬರೀ ಕೂಸಿನ ಸ್ವಭಾವವೆಂದು ನಾವು ತಿಳಿಯುತ್ತೇವೆ. ನಮ್ಮ ಸೀಮೆಯ ಇತಿಹಾಸ ನೋಡಿದರೆ ಅದಕ್ಕೆ ಇನ್ನೊಂದು ಮುಖವೂ ಇದೆ. 1948ರ ಸೆಪ್ಟೆಂಬರ್ 17ರವರೆಗೆ ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಎಲ್ಲವೂ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು, ಶಾಲೆಯಲ್ಲೂ ಉರ್ದುವಿನದೇ ಮೇಲುಗೈ. 1918ರಲ್ಲಿ ಆರಂಭವಾದ ಉಸ್ಮಾನಿಯಾ ವಿಶ್ವವಿದ್ಯಾಲಯದ ಪಾಠವೂ ಉರ್ದುವಿನಲ್ಲೇ. ಮನೆಯಲ್ಲಿ ಅವ್ವನ ಕೂಡ ಕನ್ನಡ ಆಡಿದ ಕೂಸು ಶಾಲೆಯ ಬಾಗಿಲಲ್ಲಿ ನಿಂತಾಗ ಮಾಸ್ತರರ ಮಾತೇ ಬೇರೆ. ಅಲ್ಲಿ ಬಾಯಿ ಮುಚ್ಚಿ ಕೂತ ಮಕ್ಕಳಲ್ಲಿ ಹುಟ್ಟಾ ನಾಚಿಕೆಯವರೆಷ್ಟು, ಮಾತು ತಿಳಿಯದೆ ಸುಮ್ಮನಾದವರೆಷ್ಟು ಎಂದು ಯಾರು ಎಣಿಸಿದ್ದಾರೆ? 1956ರ ನವೆಂಬರ್ 1ರಂದು ಈ ತಾಲೂಕುಗಳು ವಿಶಾಲ ಮೈಸೂರು ರಾಜ್ಯಕ್ಕೆ ಸೇರಿದವು. ರಾಯಚೂರಿನಿಂದ ಬೇರೆಯಾಗಿ ಕೊಪ್ಪಳ ಜಿಲ್ಲೆ ಆದದ್ದು 1997ರಲ್ಲಿ.

ಉಸ್ಮಾನಿಯಾ ಹುಟ್ಟಿದ ಅದೇ 1918ರಲ್ಲಿ ಯಲಬುರ್ಗಿ ಸೀಮೆಯ ದ್ಯಾಂಪುರದಲ್ಲಿ ಸಿದ್ಧಯ್ಯ ಪುರಾಣಿಕರು ಹುಟ್ಟಿದರು. ಹೈದರಾಬಾದ್ ಸಂಸ್ಥಾನದ ಆಡಳಿತ ಸೇವೆಗೆ ಸೇರಿ, ಮುಂದೆ ಐಎಎಸ್ ಅಧಿಕಾರಿಯಾದರು. ‘ಕಾವ್ಯಾನಂದ’ ಎಂಬ ಹೆಸರಿನಿಂದ ಕವಿತೆ ಬರೆದರು, 1987ರಲ್ಲಿ ಕಲಬುರ್ಗಿಯ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. ಇಷ್ಟು ದೊಡ್ಡ ಮನುಷ್ಯರು ಪುಟ್ಟ ಮಕ್ಕಳಿಗಾಗಿ ಕೂತು ಪದ್ಯ ಬರೆದರು ಎಂಬುದು ನನಗೆ ಬಹಳ ಮೆಚ್ಚುಗೆಯ ಸಂಗತಿ. ಉರ್ದು ಕಚೇರಿಯ ಕಾಲವನ್ನು ಕಂಡವರಿಗೆ, ಕೂಸಿನ ನಾಲಿಗೆಗೆ ಅದರದೇ ಮಾತು ಕೊಡಬೇಕೆಂಬುದು ಬೇರೆಯವರು ಹೇಳಿ ತಿಳಿಯಬೇಕಾಗಿರಲಿಲ್ಲ.

ಆದರೆ ಬರೀ ಮಾತು ಕೊಟ್ಟರೆ ಸೆರಗಿನೊಳಗಿನ ಕೂಸು ಹೊರಗೆ ಬರುವುದಿಲ್ಲ. ಅದಕ್ಕೆ ನಮ್ಮ ಹಿಂದಿನ ಹೆಂಗಸರು ಬೇರೊಂದು ಉಪಾಯ ಕಂಡುಕೊಂಡಿದ್ದರು. ಕೂಸಿನ ಕೈಗೆ ಏನಾದರೊಂದು ಕೊಟ್ಟು ಕಳಿಸುವುದು. ನಮ್ಮ ಹಬ್ಬಗಳನ್ನೇ ನೋಡಿ. ಮಣ್ಣೆತ್ತಿನ ಅಮಾವಾಸ್ಯೆಗೆ ಮಣ್ಣಿನ ಎತ್ತು. ಆಷಾಢದ ಮಂಗಳವಾರಗಳಲ್ಲಿ ಗುಳ್ಳವ್ವ. ಗೌರಿ ಹುಣ್ಣಿಮೆಗೆ ಸಕ್ಕರೆಯ ಆರತಿ. ಸಕ್ಕರೆಯ ಗೊಂಬೆ ತಟ್ಟೆಯಲ್ಲಿಟ್ಟು ಹೊರಟ ಹುಡುಗಿಗೆ ನಾಚಿಕೆಪಡಲು ಪುರುಸೊತ್ತೆಲ್ಲಿ? ಎಲ್ಲರ ಕಣ್ಣೂ ಆರತಿಯ ಮೇಲೆ, ಅವಳ ಕಣ್ಣು ಸಕ್ಕರೆಯ ಆನೆಯ ಸೊಂಡಿಲ ಮೇಲೆ. ಆರತಿ ಮುಗಿಯುವುದರೊಳಗೆ ನಮ್ಮವಳ ಆನೆಗೆ ಸೊಂಡಿಲೇ ಇರಲಿಲ್ಲ. ಕೇಳಿದರೆ ಬಾಯಿ ತೆರೆಯಲಿಲ್ಲ. ಅಂದು ಅದಕ್ಕೆ ನಾಚಿಕೆಯೊಂದೇ ಕಾರಣವಲ್ಲ.

ಈ ಉಪಾಯಕ್ಕೆ ಬೇಕಾದ ಗೊಂಬೆಗಳೂ ನಮ್ಮ ಮಗ್ಗುಲಲ್ಲೇ ಇದ್ದವು. ಕೊಪ್ಪಳಕ್ಕೆ ಸಮೀಪದ ಕಿನ್ನಾಳದ ಚಿತ್ರಗಾರರು ವಿಜಯನಗರದ ಕಾಲದಿಂದ ಈ ಕೆಲಸ ಮಾಡಿಕೊಂಡು ಬಂದವರು. ಹಂಪಿಯ ವಿರೂಪಾಕ್ಷ ಗುಡಿಯ ಮಾಳಿಗೆಯ ಚಿತ್ರಗಳು ಅವರ ಹಿರಿಯರ ಕೈಕೆಲಸವೆಂದೇ ನಂಬಿಕೆ. ಹಗುರ ಮರವನ್ನು ಕೆತ್ತಿ, ತುಂಡುಗಳನ್ನು ಹುಣಸೆಬೀಜದ ಅಂಟಿನಿಂದ ಕೂಡಿಸುತ್ತಾರೆ. ಮರದ ಹೊಟ್ಟು, ಗೋಣಿನಾರು, ಅದೇ ಹುಣಸೆಬೀಜದ ಅಂಟು ಸೇರಿಸಿ ಅರೆದ ‘ಕಿಟ್ಟ’ದಿಂದ ಮೈ ತುಂಬಿಸುತ್ತಾರೆ. ನುಣುಪಾದ ಮೇಲೆ ಬಣ್ಣ. ಬಂಗಾರದ ಹೊಳಪಿಗೆ ತವರದಿಂದ ಮಾಡಿದ ‘ಲಾಜವರ’. ದೇವರ ಮೂರ್ತಿ, ಪಲ್ಲಕ್ಕಿ ಮಾಡಿದ ಕೈಗಳೇ ಮಕ್ಕಳಿಗೆ ಗಿಳಿ, ಆನೆ, ಹಣ್ಣುಗಳನ್ನೂ ಮಾಡಿದವು. ಅದೇ ಅಂಟು, ಅದೇ ಬಣ್ಣ, ಅದೇ ಶ್ರದ್ಧೆ.

ಸಂಕ್ರಾಂತಿಗೆ ಸಣ್ಣ ಮಕ್ಕಳ ತಲೆಯ ಮೇಲೆ ಬಾರಿಹಣ್ಣು, ಚುರುಮುರಿ, ಕಬ್ಬಿನ ತುಂಡು ಎರೆಯುವ ಪದ್ಧತಿ ನಿಮ್ಮ ಮನೆಯಲ್ಲೂ ಇರಬಹುದು. ಅಂದು ನಮ್ಮ ಮನೆಯಲ್ಲಿ ಓಣಿಯ ಹೆಂಗಸರೆಲ್ಲ ನೆರೆದಿದ್ದರು. ಮಣೆಯ ಮೇಲೆ ಕೂಡಿಸಿದ ನಮ್ಮವಳು ತಲೆಯೆತ್ತಲಿಲ್ಲ. ಮರದ ಗಿಳಿಯನ್ನು ಎದೆಗೆ ಅವಚಿಕೊಂಡು ಕೂತಿತ್ತು. ಹಣ್ಣು ಸುರಿದದ್ದೇ ತಡ, ಓಣಿಯ ಹುಡುಗರು ನುಗ್ಗಿದರು. ಒಬ್ಬ ಗಿಳಿಯ ಮುಂದೆ ಬಿದ್ದಿದ್ದ ಹಣ್ಣಿಗೆ ಕೈಹಾಕಿದ. “ಏ! ಅದು ಗಿಳೀದು!” ಎಂಬ ಕೂಗಿಗೆ ಮನೆಯೇ ಸ್ತಬ್ಧ. ಹೆರವರ ಮುಂದೆ ನಮ್ಮವಳು ಆಡಿದ ಮೊದಲ ಮಾತು ಅದು. ತನಗಾಗಿ ಬಾಯಿ ತೆರೆಯದವಳು ಗಿಳಿಯ ನ್ಯಾಯಕ್ಕಾಗಿ ತೆರೆದಳು. ಅತ್ತಿಯವರು ಓಣಿಯವರ ಕಡೆ ತಿರುಗಿ, “ಕೇಳಿದ್ರ್ಯಾ?” ಎಂದರು.

ಮೂರು ತುಂಬಿದ ಮೇಲೆ ಅಂಗನವಾಡಿ. 1975ರ ಅಕ್ಟೋಬರ್ 2ರಂದು ದೇಶದ 33 ಕಡೆ ಪ್ರಯೋಗವಾಗಿ ಆರಂಭವಾದ ಯೋಜನೆ ಇಂದು ಹಳ್ಳಿ ಹಳ್ಳಿಗೂ ಬಂದಿದೆ. ಹಿಂದೆ ಹಬ್ಬ ಹುಣ್ಣಿಮೆಗೆ ಮಾತ್ರ ಹೊಸ್ತಿಲು ದಾಟುತ್ತಿದ್ದ ಕೂಸಿಗೆ ಈಗ ದಿನಾ ಹೋಗುವ ಒಂದು ಮನೆ. ನಮ್ಮವಳು ಅಲ್ಲಿ ತಿಂಗಳುಗಟ್ಟಲೆ ಮೂಕಿ. ಮನೆಗೆ ಬಂದರೆ ಗಿಳಿಯನ್ನೂ ಆನೆಯನ್ನೂ ಸಾಲಾಗಿ ಕೂಡಿಸಿ, “ಕೈ ಕಟ್ರಿ, ಬಾಯಿ ಮುಚ್ರಿ” ಎಂದು ಟೀಚರ ದನಿಯಲ್ಲೇ ಗದರಿಸುವುದು. ಒಂದು ದಿನ ಟೀಚರು ಏನೋ ಕೇಳಲು ಮನೆಗೆ ಬಂದವರು ಬಾಗಿಲ ಮರೆಯಲ್ಲಿ ನಿಂತು ತಮ್ಮದೇ ಪಾಠ ಕೇಳಿದರು. “ನಾ ಇಷ್ಟ ಬೈತೀನೇನ್ರೀ ಅಕ್ಕಾರ?” ಎಂದು ನಕ್ಕೂ ನಕ್ಕೂ ಕಣ್ಣೊರೆಸಿಕೊಂಡರು. ಮರುದಿನ ಗಿಳಿಗೂ ಅಂಗನವಾಡಿಯಲ್ಲಿ ಜಾಗ ಸಿಕ್ಕಿತು. ಗಿಳಿಯ ಪರವಾಗಿ ಹಾಜರಿ ಹೇಳುತ್ತ ಹೇಳುತ್ತ ಮಗಳು ತನ್ನದನ್ನೂ ಹೇಳತೊಡಗಿದಳು.

ಗೊಂಬೆಗೆ ಮಾತು ಬರುವುದಿಲ್ಲ. ಅದಕ್ಕೇ ಅದರ ಮಾತನ್ನೂ ಕೂಸೇ ಆಡಬೇಕಾಗುತ್ತದೆ. ಈಗ ಹಟ ಮಾಡುವ ಕೂಸಿಗೂ, ನಾಚುವ ಕೂಸಿಗೂ ನಾವು ಕೊಡುವುದು ಮೊಬೈಲು. ಅದು ತಾನೇ ಹಾಡುತ್ತದೆ, ತಾನೇ ನಗುತ್ತದೆ. ಕೂಸಿಗೆ ಆಡಲು ಏನೂ ಉಳಿದಿರುವುದಿಲ್ಲ. ಬೀಗರು ಬಂದಾಗ ಈಗಿನ ಕೂಸು ಸೆರಗಿನ ಹಿಂದೆ ಹೋಗುವುದೂ ಇಲ್ಲ, ಕೂತಲ್ಲೇ ಕತ್ತು ಬಗ್ಗಿಸಿಕೊಂಡಿರುತ್ತದೆ. ಸೆರಗಿನ ಹಿಂದಿನ ಕೂಸು ಒಂದು ಕಣ್ಣಿನಿಂದಾದರೂ ನಮ್ಮನ್ನು ನೋಡುತ್ತಿತ್ತು.

ಕಿನ್ನಾಳದ ಗೊಂಬೆಗೆ ಭೌಗೋಳಿಕ ಸೂಚಿಯ ಮನ್ನಣೆ ಬಂದಿದೆ, ಸಂತೋಷ. ದೊಡ್ಡ ಊರುಗಳ ಮನೆಗಳ ಗಾಜಿನ ಕಪಾಟಿನಲ್ಲಿ ಅದು ಅಂದವಾಗಿ ಕಾಣುತ್ತದೆ. ಆದರೆ ಕಪಾಟಿನ ಗಿಳಿ ಯಾವ ಕೂಸಿನ ಬಾಯನ್ನೂ ತೆರೆಸಲಾರದು. ಚಿತ್ರಗಾರರ ಹೊಟ್ಟೆಯೂ ತುಂಬಬೇಕು, ಗೊಂಬೆ ಮಕ್ಕಳ ಕೈಗೂ ಸಿಗಬೇಕು. ಮುಂದಿನ ಸಲ ಗವಿಮಠದ ಜಾತ್ರೆಗೆ ಬಂದಾಗ, ಇಲ್ಲವೆ ಕೊಪ್ಪಳದ ಕಡೆ ಹಾಯುವಾಗ, ಕಿನ್ನಾಳದ ದಾರಿ ಹಿಡಿಯಿರಿ. ಒಂದು ಗಿಳಿ ಕೊಳ್ಳಿರಿ. ತಂದು ಮೇಲಿಡಬೇಡಿ. ಬಣ್ಣ ಹೋದರೆ ಹೋಗಲಿ, ಕೂಸಿನ ಕೈಗೇ ಕೊಡಿ.