ಡಾಕ್ಟರ್ ಜಾನ್ಸನ್ನನ ಸಂಕಲ್ಪಗಳು

ಯುಗಾದಿಯ ದಿನ ಹೊಸ ನೋಟ್‌ಪುಸ್ತಕವೊಂದನ್ನು ತೆರೆದು, ಈ ವರ್ಷ ದಿನಕ್ಕೆ ಎರಡು ಪುಟವನ್ನಾದರೂ ಬರೆಯುತ್ತೇನೆಂದು ಮೊದಲ ಹಾಳೆಯಲ್ಲಿ ಬರೆದಿಡದ ಲೇಖಕರು ವಿರಳ. ಅಂಥ ಪುಸ್ತಕಗಳಲ್ಲಿ ಹಲವು ಆ ಮೊದಲ ಹಾಳೆಯನ್ನು ದಾಟಿ ಮುಂದೆ ಹೋಗಿರುವುದಿಲ್ಲ ಎಂಬುದೂ ಅನುಭವದ ಮಾತೇ. ನನ್ನ ಮೇಜಿನ ಖಾನೆಯಲ್ಲಿಯೂ ಎರಡು ಮೂರು ಇವೆ. ಸೃಜನಶೀಲ ಮನಸ್ಸಿಗೆ ಸಂಕಲ್ಪದಿಂದ, ನಿಯಮದಿಂದ, ಗಡುವಿನಿಂದ ನಿಜವಾಗಿ ಉಪಕಾರವಾಗುತ್ತದೆಯೆ ಎಂಬ ಪ್ರಶ್ನೆಯನ್ನು ಬರಿಯ ಊಹೆಯಿಂದ ಬಿಡಿಸಹೊರಡುವುದಕ್ಕಿಂತ, ತನ್ನ ಸಂಕಲ್ಪಗಳನ್ನೂ ಅವುಗಳ ಭಂಗವನ್ನೂ ತಾನೇ ಬರೆದಿಟ್ಟುಹೋದ ಒಬ್ಬ ಮಹಾಲೇಖಕನ ಬಾಳನ್ನು ನೋಡುವುದು ಮೇಲು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನ ಸ್ಯಾಮ್ಯುಯೆಲ್ ಜಾನ್ಸನ್ ಅಂಥವನು.

ಜಾನ್ಸನ್ ಹುಟ್ಟಿದ್ದು 1709ರಲ್ಲಿ, ಲಿಚ್‌ಫೀಲ್ಡ್ ಎಂಬ ಸಣ್ಣ ಪಟ್ಟಣದ ಪುಸ್ತಕ ವ್ಯಾಪಾರಿಯೊಬ್ಬನ ಮನೆಯಲ್ಲಿ. ಆಕ್ಸ್‌ಫರ್ಡಿನ ಪೆಂಬ್ರೋಕ್ ಕಾಲೇಜಿಗೆ ಸೇರಿದನಾದರೂ ಬಡತನದ ದೆಸೆಯಿಂದ ಸುಮಾರು ಹದಿಮೂರು ತಿಂಗಳಲ್ಲಿಯೇ ಪದವಿಯಿಲ್ಲದೆ ಹಿಂದಿರುಗಬೇಕಾಯಿತು. ಆ ದಿನಗಳಲ್ಲಿಯೇ, 1729ರಲ್ಲಿ, ಇಪ್ಪತ್ತರ ಈ ತರುಣ ತನ್ನ ದಿನಚರಿಯಲ್ಲಿ ಲ್ಯಾಟಿನ್ ಭಾಷೆಯಲ್ಲಿ ಒಂದು ಟಿಪ್ಪಣಿ ಬರೆದುಕೊಂಡ. ಸೋಮಾರಿತನಕ್ಕೆ ತಾನು ವಿದಾಯ ಹೇಳಿದುದಾಗಿಯೂ ಆ ಮಾಯಾವಿನಿಯ ಹಾಡಿಗೆ ಇನ್ನು ಕಿವಿಗೊಡುವುದಿಲ್ಲವಾಗಿಯೂ ಅದರ ತಾತ್ಪರ್ಯ. ವಿದಾಯ ಹೇಳಿಸಿಕೊಂಡ ಆಕೆ ಮನೆ ಬಿಟ್ಟು ಹೋಗಲಿಲ್ಲ. ಅವನ ಕೊನೆಯ ವರ್ಷದವರೆಗೂ ಜೊತೆಯಲ್ಲಿಯೇ ಇದ್ದಳು.

ಜಾನ್ಸನ್ ದೈವಭಕ್ತ. ವರ್ಷದಲ್ಲಿ ಕೆಲವು ದಿನಗಳು ಅವನಿಗೆ ಆತ್ಮಪರೀಕ್ಷೆಗೆ ಮೀಸಲು: ಹೊಸವರ್ಷದ ದಿನ, ಈಸ್ಟರ್ ಹಬ್ಬ, ಪತ್ನಿ ತೀರಿಕೊಂಡ ಮಾರ್ಚ್ ತಿಂಗಳ ದಿನ, ಸೆಪ್ಟೆಂಬರ್ 18ರ ತನ್ನ ಹುಟ್ಟುಹಬ್ಬ. ಆ ದಿನಗಳಲ್ಲಿ ಒಬ್ಬನೇ ಕುಳಿತು ಪ್ರಾರ್ಥನೆಯನ್ನು ಬರೆಯುವನು. ಅದರ ಕೆಳಗೆ ಸಂಕಲ್ಪಗಳನ್ನು ಒಂದೊಂದಾಗಿ ಇಳಿಸುವನು. ಬೆಳಗ್ಗೆ ಬೇಗ ಏಳಬೇಕು; ಬೈಬಲನ್ನು ಕ್ರಮವಾಗಿ ಓದಬೇಕು; ದಿನಚರಿ ಬರೆಯಬೇಕು; ಪುಸ್ತಕಗಳನ್ನು ಓರಣವಾಗಿ ಜೋಡಿಸಬೇಕು; ಆಲಸ್ಯವನ್ನು ಎದುರಿಸಬೇಕು. ಮರುವರ್ಷ ಅದೇ ದಿನ ಬಂದಾಗ ಅದೇ ಪಟ್ಟಿ, ಹೆಚ್ಚುಕಡಿಮೆ ಅದೇ ಮಾತುಗಳಲ್ಲಿ. ಐವತ್ತೈದು ತುಂಬಿದ 1764ರ ಹುಟ್ಟುಹಬ್ಬದಂದು, ತನ್ನ ಆಯುಷ್ಯವೆಲ್ಲ ಸಂಕಲ್ಪ ಮಾಡುವುದರಲ್ಲಿಯೇ ಕಳೆಯಿತೆಂದೂ ಮಾಡಿದ್ದು ಮಾತ್ರ ಏನೂ ಇಲ್ಲವೆಂದೂ ಬರೆದುಕೊಂಡ. ಮುಂದಿನ ಈಸ್ಟರಿನಲ್ಲಿ ಎಂಟು ಗಂಟೆಗೆ ಏಳುವುದಾಗಿ ನಿಶ್ಚಯಿಸಿದ. ಎಂಟು ಗಂಟೆ ಬೇಗನೆ ಏಳುವುದಲ್ಲವೆಂಬುದು ಅವನಿಗೂ ಗೊತ್ತು. ಆದರೆ ಮಧ್ಯಾಹ್ನ ಎರಡು ಗಂಟೆಯವರೆಗೆ ಹಾಸಿಗೆಯಲ್ಲಿರುವ ತನಗೆ ಅದೂ ದೊಡ್ಡದೇ ಎಂದು ಸಮಜಾಯಿಷಿಯನ್ನೂ ಪಕ್ಕದಲ್ಲಿಯೇ ಸೇರಿಸಿದ. ನಗು ಬರುತ್ತದೆ, ನಿಜ. ಆದರೆ ಬರೆಯುತ್ತಿದ್ದವನು ನಗುತ್ತಿರಲಿಲ್ಲ. ಅವನನ್ನು ಬಾಳಿನುದ್ದಕ್ಕೂ ವಿಷಣ್ಣತೆ ಕಾಡುತ್ತಿತ್ತು, ಬುದ್ಧಿಭ್ರಮಣೆಯಾದೀತೆಂಬ ಭಯವಿತ್ತು, ದೇವರು ಕೊಟ್ಟ ಪ್ರತಿಭೆಗೆ ಲೆಕ್ಕ ಒಪ್ಪಿಸಬೇಕಾದ ದಿನವೊಂದು ಬರುತ್ತದೆಂಬ ಅಂಜಿಕೆಯಿತ್ತು.

ಮಾಡಿದ್ದು ಏನೂ ಇಲ್ಲವೆಂದು ಆ ದಿನ ಬರೆದುಕೊಂಡವನು ಆ ವೇಳೆಗೆ ಒಬ್ಬನೇ ನಿಂತು ಇಂಗ್ಲಿಷ್ ಭಾಷೆಗೆ ಮಹಾನಿಘಂಟೊಂದನ್ನು ಕೊಟ್ಟಿದ್ದ. ಇದೇ ಈ ಕಥೆಯ ವಿಚಿತ್ರ.

ನಿಘಂಟಿನ ಒಪ್ಪಂದವಾದದ್ದು 1746ರ ಜೂನ್‌ನಲ್ಲಿ, ಲಂಡನ್ನಿನ ಪುಸ್ತಕ ವ್ಯಾಪಾರಿಗಳ ಒಂದು ಕೂಟದೊಡನೆ. ಸಂಭಾವನೆ 1,500 ಗಿನಿ. ಸಹಾಯಕರ ಸಂಬಳವೂ ಅದರಲ್ಲಿಯೇ ಕಳೆಯಬೇಕು. ಮೂರು ವರ್ಷಗಳಲ್ಲಿ ಮುಗಿಸುತ್ತೇನೆಂದು ಜಾನ್ಸನ್ ಹೇಳಿದ. ಫ್ರಾನ್ಸಿನ ಅಕಾಡೆಮಿಯ ನಲವತ್ತು ಮಂದಿ ವಿದ್ವಾಂಸರಿಗೆ ತಮ್ಮ ಭಾಷೆಯ ನಿಘಂಟಿಗೆ ನಲವತ್ತು ವರ್ಷ ಹಿಡಿದಿತ್ತಲ್ಲ ಎಂದು ಒಬ್ಬ ಗೆಳೆಯ ನೆನಪಿಸಿದಾಗ, ನಲವತ್ತನ್ನು ನಲವತ್ತರಿಂದ ಗುಣಿಸಿ, ಸಾವಿರದ ಆರುನೂರಕ್ಕೆ ಮೂರು ಹೇಗೋ ಫ್ರೆಂಚನಿಗೆ ಇಂಗ್ಲಿಷನು ಹಾಗೆ ಎಂದು ವಿನೋದವಾಡಿದನಂತೆ. ಗಫ್ ಸ್ಕ್ವೇರಿನಲ್ಲಿ ಮನೆ ಹಿಡಿದು, ಅದರ ಅಟ್ಟದಲ್ಲಿ ಆರು ಮಂದಿ ಬರೆಹಗಾರರನ್ನು ಕೂರಿಸಿದ. ತಾನು ಗ್ರಂಥಗಳನ್ನು ಓದುತ್ತ, ಬೇಕಾದ ವಾಕ್ಯಗಳಿಗೆ ಸೀಸದ ಕಡ್ಡಿಯಿಂದ ಗುರುತು ಹಾಕುವುದು. ಅವರು ಅವನ್ನು ಚೀಟಿಗಳಿಗೆ ಇಳಿಸುವುದು.

ಮೂರು ವರ್ಷ ಕಳೆಯಿತು, ನಿಘಂಟು ಮುಗಿಯಲಿಲ್ಲ. ಮುಗಿಯದಿದ್ದುದಕ್ಕೆ ಆಲಸ್ಯವೊಂದೇ ಕಾರಣವಲ್ಲ. ಮೊದಲು ಹಾಕಿಕೊಂಡ ಕ್ರಮವೇ ತಪ್ಪಾಗಿತ್ತು. ಒಂದೊಂದು ಪದಕ್ಕೆ ಎಷ್ಟು ಅರ್ಥಗಳಿರಬಹುದೆಂಬ ಅಂದಾಜು ಕೆಲಸಕ್ಕೆ ಇಳಿದ ಮೇಲಷ್ಟೆ ತಿಳಿಯಿತು. ತೆಗೆದ ಉದಾಹರಣೆಗಳು ಹಾಕಿಟ್ಟ ಚೌಕಟ್ಟಿನಲ್ಲಿ ಹಿಡಿಸಲಿಲ್ಲ. ಬರೆದ ಹಸ್ತಪ್ರತಿಯನ್ನು ಕೈಬಿಟ್ಟು ಕೆಲಸವನ್ನು ಮತ್ತೆ ಕಟ್ಟಬೇಕಾಯಿತೆಂದು ಈಚಿನ ಸಂಶೋಧಕರು ತೋರಿಸಿದ್ದಾರೆ. ಅದಲ್ಲದೆ ಹಾಳೆಯ ಎರಡು ಮಗ್ಗುಲಿಗೂ ಬರೆಸಿ, ಮೊಳೆ ಜೋಡಿಸುವವರಿಗೆ ಅನುಕೂಲವಾಗದೆ, ಅದನ್ನು ಒಂದೇ ಮಗ್ಗುಲಿಗೆ ಪ್ರತಿ ಮಾಡಿಸಲು 20 ಪೌಂಡು ತೆತ್ತ. 1752ರ ಮಾರ್ಚ್‌ನಲ್ಲಿ ಪತ್ನಿ ತೀರಿಕೊಂಡಳು. ಕೊನೆಗೆ 1755ರ ಏಪ್ರಿಲ್ 15ರಂದು ನಿಘಂಟು ಎರಡು ದೊಡ್ಡ ಸಂಪುಟಗಳಲ್ಲಿ ಹೊರಬಿತ್ತು: ನಲವತ್ತೆರಡು ಸಾವಿರಕ್ಕೂ ಮಿಕ್ಕಿದ ಪದಗಳು, ಲಕ್ಷಕ್ಕೂ ಮೀರಿದ ಪ್ರಯೋಗವಾಕ್ಯಗಳು. ಕಡೆಯ ಹಾಳೆ ಕೈಸೇರಿದಾಗ ಪ್ರಕಾಶಕ ಆಂಡ್ರೂ ಮಿಲ್ಲರ್, ಈ ಮನುಷ್ಯನ ಸಹವಾಸ ಮುಗಿಯಿತು, ದೇವರು ದೊಡ್ಡವನು ಎಂದನಂತೆ. ಮಿಲ್ಲರನು ಯಾವುದಕ್ಕಾದರೂ ದೇವರನ್ನು ನೆನೆದನಲ್ಲ ಎಂದು ಜಾನ್ಸನ್ ಸಂತೋಷಪಟ್ಟನಂತೆ.

ನಿಘಂಟು ನಡೆಯುತ್ತಿದ್ದ ನಡುವೆಯೇ 1750ರ ಮಾರ್ಚ್ 20ರಿಂದ ‘ರ‍್ಯಾಂಬ್ಲರ್’ ಎಂಬ ಪತ್ರಿಕೆಯನ್ನೂ ಅವನು ನಡೆಸಿದ. ವಾರಕ್ಕೆ ಎರಡು ಸಲ, ಮಂಗಳವಾರ ಮತ್ತು ಶನಿವಾರ, ಒಂದೊಂದು ಪ್ರಬಂಧ. ಪ್ರಬಂಧಕ್ಕೆ ಎರಡು ಗಿನಿ. ಎರಡು ವರ್ಷಗಳಲ್ಲಿ 208 ಸಂಚಿಕೆಗಳು ಹೊರಬಂದವು. ನಾಲ್ಕಾರನ್ನು ಬಿಟ್ಟರೆ ಉಳಿದವೆಲ್ಲ ಅವನೊಬ್ಬನವೇ. ಹೊತ್ತಿಗೆ ಸರಿಯಾಗಿ ಏಳಲಾರದ ಮನುಷ್ಯ ಎರಡು ವರ್ಷ ಒಂದು ವಾರವನ್ನೂ ತಪ್ಪಿಸಲಿಲ್ಲ! ಇವುಗಳಲ್ಲಿ 134ನೆಯದು ಕೆಲಸವನ್ನು ನಾಳೆಗೆ ಮುಂದೂಡುವ ಚಾಳಿಯನ್ನು ಕುರಿತದ್ದು. ಅದನ್ನು ಅವನು ಚಿತ್ರಕಾರ ಜೋಷುವಾ ರೆನಾಲ್ಡ್ಸನ ಮನೆಯ ಪಡಸಾಲೆಯಲ್ಲಿ, ಮುದ್ರಣಾಲಯದ ಹುಡುಗ ಬಾಗಿಲಲ್ಲಿ ಕಾದು ನಿಂತಿದ್ದಾಗ ಅವಸರವಸರವಾಗಿ ಗೀಚಿದನೆಂದು ಅವನ ಗೆಳತಿ ಹೆಸ್ಟರ್ ಥ್ರೇಲ್ ಕೇಳಿದ ಕಥೆಯಾಗಿ ಹೇಳಿದ್ದಾಳೆ. ಕಥೆ ಸೊಗಸಾಗಿದೆ. ಆದರೆ ಆ ಪ್ರಬಂಧ ಅಚ್ಚಾದ 1751ರಲ್ಲಿ ರೆನಾಲ್ಡ್ಸ್ ಇಟಲಿಯಲ್ಲಿದ್ದ. ಲಂಡನ್ನಿಗೆ ಮರಳಿದ್ದು ಮರುವರ್ಷ. ಪಡಸಾಲೆಯನ್ನು ನಾವು ಬಿಡಬೇಕು, ಹುಡುಗನನ್ನು ಬಿಡಬೇಕಾಗಿಲ್ಲ. ಜಾನ್ಸನ್ನನ ಬರವಣಿಗೆಯ ಚರಿತ್ರೆಯಲ್ಲೆಲ್ಲ ಆ ಹುಡುಗ ಬಾಗಿಲಲ್ಲಿ ನಿಂತೇ ಇರುತ್ತಾನೆ. 1759ರ ಜನವರಿಯಲ್ಲಿ ತಾಯಿ ತೀರಿಕೊಂಡಾಗ, ಅಂತ್ಯಕ್ರಿಯೆಯ ವೆಚ್ಚಕ್ಕೂ ಆಕೆಯ ಸಣ್ಣಪುಟ್ಟ ಸಾಲಕ್ಕೂ ಹಣ ಬೇಕಾಗಿ, ‘ರಾಸೆಲಾಸ್’ ಎಂಬ ಕಥಾಗ್ರಂಥವನ್ನು ಒಂದು ವಾರದ ಸಂಜೆಗಳಲ್ಲಿ ಬರೆದು, ಬರೆದ ಹಾಗೆಲ್ಲ ಅಚ್ಚಿಗೆ ಕಳುಹಿಸಿದನೆಂದು ಅವನೇ ಹೇಳಿಕೊಂಡಿದ್ದಾನೆ. ನಮ್ಮ ಪಂಪನೂ ತನ್ನ ಎರಡು ಕಾವ್ಯಗಳು ಮುಗಿದ ಕಾಲವನ್ನು ತಿಂಗಳುಗಳ ಲೆಕ್ಕದಲ್ಲಿ ಹೇಳಿಕೊಂಡವನೇ. ಆದರೆ ಅಲ್ಲಿರುವುದು ಗೆದ್ದವನ ಹೆಮ್ಮೆ, ಇಲ್ಲಿರುವುದು ಸಾಲಗಾರನ ಅವಸರ.

ಗಡುವು ಅವನನ್ನು ಯಾವಾಗಲೂ ಕಾಪಾಡಿತೆಂದೂ ಹೇಳಲಾಗದು. ಷೇಕ್ಸ್‌ಪಿಯರನ ನಾಟಕಗಳ ಸಂಪಾದನೆಗೆ 1756ರಲ್ಲಿ ಪ್ರಕಟಣೆ ಹೊರಡಿಸಿ, ಚಂದಾ ಹಣ ಎತ್ತಿ, 1757ರ ಕ್ರಿಸ್‌ಮಸ್ ವೇಳೆಗೆ ಕೊಡುವೆನೆಂದ. ಕೊಟ್ಟದ್ದು 1765ರ ಅಕ್ಟೋಬರಿನಲ್ಲಿ. ನಡುವೆ ಚಾರ್ಲ್ಸ್ ಚರ್ಚಿಲ್ ಎಂಬ ವಿಡಂಬನಕವಿ, ಚಂದಾದಾರರ ಹಣ ನುಂಗಿದವನೆಂದು ಪದ್ಯದಲ್ಲಿ ಬಹಿರಂಗವಾಗಿ ಹಂಗಿಸಿದ. ಚಂದಾದಾರರ ಪಟ್ಟಿಯನ್ನೂ ಜಾನ್ಸನ್ ಕಳೆದುಕೊಂಡಿದ್ದ. 1762ರಲ್ಲಿ ದೊರೆಯಿಂದ ವರ್ಷಕ್ಕೆ 300 ಪೌಂಡಿನ ವಿಶ್ರಾಂತಿವೇತನ ದೊರೆತ ಮೇಲೆ ಅವನ ಲೇಖನಿ ಇನ್ನೂ ನಿಧಾನವಾಯಿತು. ಹಣದ ಚಿಂತೆ ನೀಗಿದರೆ ಬರೆಹ ಹೊನಲಾಗಿ ಹರಿಯುತ್ತದೆಂದು ನಂಬುವವರು ಆ ವರ್ಷಗಳನ್ನು ನೋಡಬೇಕು. ಬಾಸ್ವೆಲ್ ಮೊದಲಾದವರಿಗೆ ದೊರೆತ ಸಂಭಾಷಣೆಯ ರಸದೌತಣ ನಮಗೂ ದಕ್ಕಿತು, ನಿಜ. ಆದರೆ ಅದು ಬೇರೆ ಬಗೆಯ ಲಾಭ.

ಅವನ ಪ್ರಾರ್ಥನೆಗಳ ಪುಸ್ತಕವನ್ನು ಮತ್ತೆ ತಿರುವಿಹಾಕಿದಾಗ ನನಗೆ ಒಂದು ಸಂಗತಿ ಕಂಡಿತು. ಅಲ್ಲಿ ಕೇವಲ ಸ್ವಭಾವ ಸುಧಾರಣೆಯ ಪಟ್ಟಿಗಳಷ್ಟೇ ಇಲ್ಲ. ‘ರ‍್ಯಾಂಬ್ಲರ್’ ಆರಂಭಿಸುವಾಗ ಬರೆದ ಪ್ರಾರ್ಥನೆ ಒಂದಿದೆ. 1753ರ ಏಪ್ರಿಲ್ 3ರಂದು ನಿಘಂಟಿನ ಎರಡನೆಯ ಸಂಪುಟಕ್ಕೆ ತೊಡಗಿದಾಗ ಬರೆದದ್ದು ಇನ್ನೊಂದಿದೆ. ಈ ಎರಡೂ ಫಲಿಸಿದವು. ಬೇಗ ಏಳುತ್ತೇನೆ, ಕಾಲ ವ್ಯರ್ಥ ಮಾಡುವುದಿಲ್ಲ, ಹೊಸ ಮನುಷ್ಯನಾಗುತ್ತೇನೆ ಎಂಬವು ಒಂದೂ ಫಲಿಸಲಿಲ್ಲ. ನಮ್ಮ ಪೂಜೆಯ ಸಂಕಲ್ಪವನ್ನು ಇಲ್ಲಿ ನೆನೆಯಬಹುದು. ದೇಶಕಾಲಗಳನ್ನು ಹೆಸರಿಸಿ, ತಿಥಿ ವಾರಗಳನ್ನು ಹೇಳಿ, ಇಂಥ ಕರ್ಮವನ್ನು ಮಾಡುತ್ತೇನೆ ಎಂದು ಯಜಮಾನ ನುಡಿಯುತ್ತಾನೆ. ಪಕ್ಕದಲ್ಲಿ ಪುರೋಹಿತರು ಕುಳಿತಿರುತ್ತಾರೆ, ನೆಂಟರು ಬಂದಿರುತ್ತಾರೆ, ಒಳಗೆ ಅಡುಗೆಗೆ ಒಲೆ ಹೊತ್ತಿರುತ್ತದೆ. ನಾಳೆಗೆ ಎಂದು ಏಳುವ ಹಾಗಿಲ್ಲ. ಜಾನ್ಸನ್ನನ ಕೃತಿಗಳ ಹಿಂದೆಯೂ ಹೀಗೆ ಕಾದು ಕುಳಿತ ಜನವಿತ್ತು: ಅಟ್ಟದ ಮೇಲಿನ ಆರು ಮಂದಿ, ಮೊಳೆ ಜೋಡಿಸುವವರು, ಶನಿವಾರದ ಓದುಗರು. ಹಾಸಿಗೆಯಿಂದ ಏಳುವುದಕ್ಕೆ ಮಾತ್ರ ಯಾರೂ ಕಾದಿರಲಿಲ್ಲ.

ಇದಕ್ಕೆ ವಿರುದ್ಧವಾದ ಸಾಕ್ಷ್ಯವೂ ಅದೇ ನಾಡಿನಲ್ಲಿ ಇದೆ. ಅದನ್ನು ಮರೆಮಾಚುವುದು ನ್ಯಾಯವಲ್ಲ. ಕಾದಂಬರಿಕಾರ ಆಂಟನಿ ಟ್ರಾಲಪ್ ಅಂಚೆ ಇಲಾಖೆಯಲ್ಲಿ ಮೂವತ್ತಮೂರು ವರ್ಷ ನೌಕರಿ ಮಾಡಿದವನು. ತಾರುಣ್ಯದಲ್ಲಿ ಅವನೂ ಹೊತ್ತಿಗೆ ಸರಿಯಾಗಿ ಕಚೇರಿಗೆ ಬಾರದ, ಸಾಲ ಮಾಡಿಕೊಂಡ ಗುಮಾಸ್ತನೇ. ಮುಂದೆ ಬೆಳಗಿನ ಐದೂವರೆಗೆ ಮೇಜಿನ ಮುಂದೆ ಕೂರುವ ವ್ರತ ಹಿಡಿದ. ಕಾಫಿ ತಂದು ಎಬ್ಬಿಸುವ ಕೆಲಸಕ್ಕಾಗಿಯೇ ಲಾಯದ ಮುದುಕನಿಗೆ ವರ್ಷಕ್ಕೆ 5 ಪೌಂಡು ಹೆಚ್ಚಿಗೆ ಕೊಟ್ಟ. ಗಡಿಯಾರ ಎದುರಿಗಿಟ್ಟು, ಕಾಲು ಗಂಟೆಗೆ 250 ಪದಗಳಂತೆ ಬರೆಯುತ್ತಿದ್ದ. ವಾರಕ್ಕೆ ಇಷ್ಟು ಪುಟವೆಂದು ಗೆರೆ ಎಳೆದ ದಿನಚರಿ. ತಪ್ಪಿದ ದಿನ ಅದರಲ್ಲಿ ಕಣ್ಣಿಗೆ ಹೊಡೆಯುವಂತೆ ಉಳಿಯುತ್ತಿತ್ತು. ರೈಲಿನಲ್ಲಿಯೂ ಬರೆದ, ಹಡಗಿನಲ್ಲಿಯೂ ಬರೆದ. ಒಂದು ಕಾದಂಬರಿ ಮುಗಿದ ಮರುದಿನ ಇನ್ನೊಂದಕ್ಕೆ ತೊಡಗಿದ್ದೂ ಉಂಟು. ನಲವತ್ತೇಳು ಕಾದಂಬರಿಗಳು ಹೀಗೆ ಹುಟ್ಟಿದವು. ಅವನನ್ನು ಯಾವ ಹುಡುಗನೂ ಬಾಗಿಲಲ್ಲಿ ಕಾಯಲಿಲ್ಲ. ಮುಗಿದ ಹಸ್ತಪ್ರತಿಗಳೇ ಖಾನೆಯಲ್ಲಿ ಪ್ರಕಾಶಕನಿಗಾಗಿ ಕಾಯುತ್ತಿದ್ದವು. ಆದರೆ ಅವನ ದಿನದ ಬಹುಭಾಗ ಅಂಚೆ ಇಲಾಖೆಗೆ ಸೇರಿದ್ದು. ತನ್ನದಾಗಿ ಉಳಿದದ್ದು ಮುಂಜಾವದ ಮೂರು ಗಂಟೆ. ಜಾನ್ಸನ್ನನಿಗಾದರೋ ಇಡೀ ದಿನವೇ ಇತ್ತು. ಇಡೀ ರಾತ್ರಿಯೂ ಇತ್ತು. ಮೇಲಾಗಿ ಟ್ರಾಲಪ್ ಎಣಿಸಿದ್ದು ಪುಟಗಳನ್ನು, ತನ್ನ ಗುಣದೋಷಗಳನ್ನಲ್ಲ. ಹಾಗೆ ಬರೆದದ್ದೆಲ್ಲ ಒಂದೇ ಮಟ್ಟದ್ದೆಂದು ನಾನು ಹೇಳಲಾರೆ. ಬಾರ್ಸೆಟ್‌ಷೈರಿನ ಕಥೆಗಳ ಎತ್ತರಕ್ಕೆ ಏರದವು ಹಲವಿವೆ. ಎತ್ತರಕ್ಕೆ ಏರಿದವೂ ಅದೇ ಗಡಿಯಾರದ ಮುಂದೆ ಬರೆದವೇ ಎಂಬುದನ್ನೂ ಮರೆಯಲಾರೆ.

ಈ ಇಬ್ಬರ ಗುಟ್ಟೂ ಲೋಕಕ್ಕೆ ತಿಳಿದದ್ದು ಅವರು ಕಣ್ಮುಚ್ಚಿದ ಮೇಲೆ. ಜಾನ್ಸನ್ 1784ರ ಡಿಸೆಂಬರ್ 13ರಂದು ತೀರಿಕೊಂಡ. ಅದಕ್ಕೆ ಕೆಲವು ದಿನ ಮುಂಚೆ ಬಹಳಷ್ಟು ಕಾಗದಗಳನ್ನು ಬೆಂಕಿಗೆ ಹಾಕಿದನಾದರೂ ಪ್ರಾರ್ಥನೆಯ ಹಾಳೆಗಳನ್ನು ಪಾದ್ರಿ ಜಾರ್ಜ್ ಸ್ಟ್ರಾಹನನಿಗೆ ಒಪ್ಪಿಸಿದ್ದ. ನಿಘಂಟಿನ ಹಸ್ತಪ್ರತಿಗಾಗಿ ವರ್ಷಗಟ್ಟಲೆ ಕಾದ ಮುದ್ರಕ ವಿಲಿಯಮ್ ಸ್ಟ್ರಾಹನನ ಮಗ ಈತ. 1785ರಲ್ಲಿ ಅವು ಅಚ್ಚಾದಾಗ, ಇಷ್ಟು ದೊಡ್ಡವನ ಇಷ್ಟು ಸಣ್ಣ ಸೋಲುಗಳನ್ನು ಬೀದಿಗಿಟ್ಟರಲ್ಲ ಎಂದು ಹಲವರು ನೊಂದರು. ಟ್ರಾಲಪ್ಪನ ಆತ್ಮಕಥೆ ಹೊರಬಂದದ್ದು 1883ರಲ್ಲಿ. ಅದರಲ್ಲಿ ಗಡಿಯಾರದ ಲೆಕ್ಕವನ್ನೂ, ಬರೆಹದಿಂದ ಬಂದ ಸುಮಾರು 69,000 ಪೌಂಡಿನ ಲೆಕ್ಕವನ್ನೂ ನೋಡಿ, ಇವನು ಕಲಾವಿದನಲ್ಲ, ಕಸುಬುದಾರ ಎಂದು ಮೂಗು ಮುರಿದವರು ಅನೇಕರು. ಸಂಕಲ್ಪ ಮುರಿದವನನ್ನು ಓದುಗರು ಬೇಗ ಕ್ಷಮಿಸಿದರು. ಉಳಿಸಿಕೊಂಡವನನ್ನು ಕ್ಷಮಿಸಲು ಬಹುಕಾಲ ಹಿಡಿಯಿತು.

ಎಪ್ಪತ್ತು ಸಮೀಪಿಸಿದ ಜಾನ್ಸನ್ 1777ರಲ್ಲಿ ಪುಸ್ತಕ ವ್ಯಾಪಾರಿಗಳ ಒತ್ತಾಯಕ್ಕೆ ಒಪ್ಪಿ, ಇಂಗ್ಲಿಷ್ ಕವಿಗಳ ಚರಿತ್ರೆಗಳನ್ನು ಬರೆಯಲು ತೊಡಗಿದ್ದ. ಚಿಕ್ಕ ಚಿಕ್ಕ ಮುನ್ನುಡಿಗಳೆಂದು ಹೊರಟವು ಐವತ್ತೆರಡು ಕವಿಗಳ ದೊಡ್ಡ ವಿಮರ್ಶಾಗ್ರಂಥವಾಗಿ ಬೆಳೆದವು. 1781ರಲ್ಲಿ ಅದು ಮುಗಿದಾಗ ತನ್ನ ಟಿಪ್ಪಣಿಯಲ್ಲಿ ಅವನು ಹೊಸ ಸಂಕಲ್ಪವನ್ನು ಅದರ ಜೊತೆಗೆ ಹೆಣೆಯಲಿಲ್ಲ. ಎಂದಿನಂತೆ ತಡಮಾಡುತ್ತ, ಎಂದಿನಂತೆ ಅವಸರದಿಂದ, ಕೆಲಸವೆಂದರೆ ಮನಸ್ಸಿಲ್ಲದೆ, ಕುಳಿತಾಗ ಮಾತ್ರ ಹುರುಪಿನಿಂದ ಬರೆದು ಮುಗಿಸಿದೆ ಎಂಬ ಅರ್ಥದ ನಾಲ್ಕು ಮಾತುಗಳನ್ನು ಬರೆದು ನಿಲ್ಲಿಸಿದ.