ಒಂದು ಓಟಿನ ಬೆಲೆ: ನಮ್ಮೂರಿಗೆ ಮತದಾನ ಬಂದ ಬಗೆ

ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಇಪ್ಪತ್ತೈದು ವರ್ಷ ತುಂಬಿದ ಈ ಶುಭ ಸಂದರ್ಭದಲ್ಲಿ ಸ್ಮರಣ ಸಂಚಿಕೆಗೆ ಒಂದು ಲೇಖನ ಕೊಡಲೇಬೇಕೆಂದು ಅಧ್ಯಕ್ಷರೂ ಕಾರ್ಯದರ್ಶಿಯವರೂ ಒತ್ತಾಯ ಮಾಡಿದರು. ನಾವು ಓದಿದ್ದು ಎಸ್.ಎಸ್.ಎಲ್.ಸಿ.ವರೆಗೆ ಮಾತ್ರ. ಹೊಲ, ಹಸು, ಹುಲ್ಲು ಬಿಟ್ಟರೆ ಬೇರೆ ವಿದ್ಯೆ ಅಷ್ಟಕ್ಕಷ್ಟೇ. ಹಸುವಿನ ಮೇವು, ಕೆಚ್ಚಲು ಬಾವು, ಕರು ಸಾಕಣೆ ಇವುಗಳ ಬಗ್ಗೆ ಬಲ್ಲವರು ಈ ಸಂಚಿಕೆಯಲ್ಲೇ ಬರೆದಿದ್ದಾರೆ. ಆದ್ದರಿಂದ ನಾವು ಓಟಿನ ಬಗ್ಗೆ ನಾಲ್ಕು ಮಾತು ಬರೆಯಲು ಇಷ್ಟಪಡುತ್ತೇವೆ. ಹಾಲಿನ ಡೈರಿಗೂ ಓಟಿಗೂ ಏನು ಸಂಬಂಧ ಅಂತ ಯಾರಾದರೂ ಕೇಳಬಹುದು. ಸಂಬಂಧ ಇದೆ. ದಯವಿಟ್ಟು ಕೊನೆವರೆಗೆ ಓದಬೇಕು.

ಹಿಂದಿನ ಕಾಲದ ಸಂಗತಿ

ಈಗ ಹದಿನೆಂಟು ತುಂಬಿದ ಯಾರೇ ಆಗಲಿ, ಬಡವ ಬಲ್ಲಿದ ಎನ್ನದೆ, ಗಂಡಸು ಹೆಂಗಸು ಎನ್ನದೆ ಓಟು ಹಾಕಬಹುದು. ಇದು ಮೊದಲಿಂದ ಹೀಗೇ ಇತ್ತು ಎಂದು ನಮ್ಮ ಹುಡುಗರು ತಿಳಿದಿದ್ದಾರೆ. ಹಾಗಿರಲಿಲ್ಲ.

ನಮ್ಮ ಮೈಸೂರು ಸಂಸ್ಥಾನದಲ್ಲಿ ಚಾಮರಾಜ ಒಡೆಯರ ಕಾಲದಲ್ಲಿ, 1881ರಲ್ಲಿ, ದಿವಾನ್ ರಂಗಾಚಾರ್ಲು ಅವರು ಪ್ರಜಾ ಪ್ರತಿನಿಧಿ ಸಭೆಯನ್ನು ಪ್ರಾರಂಭಿಸಿದರು. ದಸರಾ ಸಮಯದಲ್ಲಿ ರೈತರು, ವ್ಯಾಪಾರಸ್ಥರು ಹೀಗೆ 144 ಮಂದಿ ಮೈಸೂರಿನಲ್ಲಿ ಸೇರಿ ತಮ್ಮ ಸೀಮೆಯ ಕಷ್ಟಸುಖ ಹೇಳಿಕೊಂಡರು. ದೇಶದಲ್ಲಿ ಬೇರೆ ಸಂಸ್ಥಾನಗಳು ಇದನ್ನು ಯೋಚನೆ ಮಾಡದ ಕಾಲ ಅದು. ಆದರೆ ಆ ಸದಸ್ಯರನ್ನು ಜನ ಆರಿಸಿರಲಿಲ್ಲ, ಅಧಿಕಾರಿಗಳು ಆರಿಸಿ ಕಳಿಸಿದ್ದರು. ಹತ್ತು ವರ್ಷದ ಮೇಲೆ, 1891ರಿಂದ, ಚುನಾವಣೆ ಬಂತು. ಆಗಲೂ ಓಟು ಇದ್ದದ್ದು ಕಂದಾಯ ಕಟ್ಟುವಷ್ಟು ಆಸ್ತಿ ಇದ್ದವರಿಗೆ ಮಾತ್ರ. ಕೂಲಿ ಮಾಡುವವನಿಗೆ ಇರಲಿಲ್ಲ. ಹೆಂಗಸರಿಗಿದ್ದ ತಡೆ ತೆಗೆದದ್ದು 1923ರಲ್ಲಿ. ಆಗಲೂ ಆಸ್ತಿ ಇರಬೇಕಿತ್ತು.

ಇದೇ ಕಾಲದಲ್ಲಿ, 1905ರಲ್ಲಿ, ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ದೇಶದಲ್ಲೇ ಮೊದಲನೆಯದೆನಿಸಿದ ಕೃಷಿ ಪತ್ತಿನ ಸಹಕಾರ ಸಂಘ ಕಟ್ಟಿದರು. ಸಹಕಾರದ ಮೂಲ ತತ್ವವೇ ಒಬ್ಬ ಸದಸ್ಯನಿಗೆ ಒಂದು ಓಟು ಎನ್ನುವುದು. ಇಂಗ್ಲೆಂಡಿನ ರಾಕ್‌ಡೇಲ್ ಊರಿನ ನೇಕಾರರು 1844ರಲ್ಲಿ ಕಟ್ಟಿದ ಸಂಘದಿಂದ ಬಂದ ದಾರಿ ಇದು. ಷೇರು ಒಂದಿರಲಿ ನೂರಿರಲಿ, ಓಟು ಒಂದೇ. ನಮ್ಮ ಸಂಘದಲ್ಲೂ ಒಂದು ಹಸು ಕಟ್ಟಿದವರಿಗೂ ಹತ್ತು ಹಸು ಕಟ್ಟಿದವರಿಗೂ ಒಂದೇ ಓಟು. ಈ ಮಾತನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಬೇಕಾಗುತ್ತದೆ.

ಪೆಟ್ಟಿಗೆಗೆ ಕೈಮುಗಿದ ಕಾಲ

ಸ್ವಾತಂತ್ರ್ಯ ಬಂದು, 1950ರ ಜನವರಿ 26ರಂದು ಸಂವಿಧಾನ ಜಾರಿಯಾದ ಮೇಲೆ 21 ವರ್ಷ ತುಂಬಿದ ಎಲ್ಲರಿಗೂ ಓಟು ಸಿಕ್ಕಿತು. ಮೊದಲ ಮಹಾಚುನಾವಣೆ 1951-52ರಲ್ಲಿ ನಡೆಯಿತು. ನಮ್ಮ ಅಜ್ಜಿ ಆಗ ಓಟು ಹಾಕಿದವರು. ಅವರು ಹೇಳುತ್ತಿದ್ದುದು ಈಗಲೂ ಕಿವಿಯಲ್ಲಿದೆ. "ಆಗ ಒಬ್ಬೊಬ್ಬರಿಗೆ ಒಂದೊಂದು ಪೆಟ್ಗೆ ಕಣಪ್ಪ. ಒಂದರ ಮೇಲೆ ಜೋಡೆತ್ತು, ಒಂದರ ಮೇಲೆ ಗುಡ್ಲು, ಒಂದರ ಮೇಲೆ ಮರ. ಚೀಟಿ ಮೇಲೆ ಏನೂ ಬರೆಯೋ ಹಂಗಿಲ್ಲ, ಬೇಕಾದ ಪೆಟ್ಗೆಗೆ ಬುಡೋದು. ನಾವು ಕೈಮುಗಿದೇ ಬುಟ್ಟೋ." ಓದು ಬರದವರೇ ಬಹಳ ಇದ್ದ ದೇಶದಲ್ಲಿ ಚಿಹ್ನೆಯ ಪದ್ಧತಿ ಎಷ್ಟು ಉಪಕಾರ ಮಾಡಿತು ಎಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಆ ಚುನಾವಣೆಯ ಇನ್ನೊಂದು ಸಂಗತಿ ಬಹಳ ಮಂದಿಗೆ ತಿಳಿಯದು. ಪಟ್ಟಿ ಬರೆಯುವವರು ಮನೆಮನೆಗೆ ಹೋದಾಗ ಎಷ್ಟೋ ಹೆಂಗಸರು ತಮ್ಮ ಹೆಸರು ಹೇಳಲೇ ಇಲ್ಲ. ಇಂಥವರ ಹೆಂಡತಿ, ಇಂಥವರ ತಾಯಿ ಅಂತ ಮಾತ್ರ ಬರೆಸಿದರು. ಮುಖ್ಯ ಚುನಾವಣಾ ಆಯುಕ್ತರಾಗಿದ್ದ ಸುಕುಮಾರ್ ಸೇನ್ ಅವರು ಸ್ವಂತ ಹೆಸರಿಲ್ಲದೆ ಪಟ್ಟಿಗೆ ಸೇರಿಸಲು ಬರುವುದಿಲ್ಲ ಎಂದರು. ಸುಮಾರು 28 ಲಕ್ಷ ಹೆಂಗಸರ ಹೆಸರು ಹೀಗೆ ಬಿಟ್ಟುಹೋಯಿತು. ಹೆಚ್ಚಿನವರು ಉತ್ತರದ ಕಡೆಯವರು. ಕಾನೂನು ಓಟು ಕೊಟ್ಟರೂ ಪಟ್ಟಿಯಲ್ಲಿ ಹೆಸರಿಲ್ಲದಿದ್ದರೆ ಓಟಿಲ್ಲ ಎಂಬ ಪಾಠ ಮೊದಲ ಚುನಾವಣೆಯಲ್ಲೇ ಸಿಕ್ಕಿತು.

ಬೆರಳಿಗೆ ಹಾಕುವ ಶಾಯಿ ನಮ್ಮ ಮೈಸೂರಿನದು ಎನ್ನುವುದು ನಮಗೆಲ್ಲ ಹೆಮ್ಮೆ. ನಾಲ್ವಡಿ ಕೃಷ್ಣರಾಜ ಒಡೆಯರು 1937ರಲ್ಲಿ ಸ್ಥಾಪಿಸಿದ ಅರಗು ಮತ್ತು ಬಣ್ಣದ ಕಾರ್ಖಾನೆಯಲ್ಲಿ ಅದು ತಯಾರಾಗಿ, 1962ರ ಮಹಾಚುನಾವಣೆಯಿಂದ ದೇಶಕ್ಕೆಲ್ಲ ಹೋಗುತ್ತಿದೆ. 1989ರಲ್ಲಿ ಓಟಿನ ವಯಸ್ಸು 21ರಿಂದ 18ಕ್ಕೆ ಇಳಿಯಿತು. ನಾವು ಮೊದಲ ಓಟು ಹಾಕಿದ್ದು 1999ರಲ್ಲಿ. ವಿಧಾನಸಭೆಗೂ ಲೋಕಸಭೆಗೂ ಒಟ್ಟಿಗೆ ಚುನಾವಣೆ. ಎರಡು ಚೀಟಿ ಕೈಗೆ ಕೊಟ್ಟಾಗ ಕೈ ನಡುಗಿತ್ತು ಎಂದರೆ ಸುಳ್ಳಲ್ಲ.

ಊರಿನ ಅಧಿಕಾರ ಊರಿಗೆ

ಪಂಚಾಯಿತಿ ವಿಷಯಕ್ಕೆ ಬಂದರೆ ನಮ್ಮ ರಾಜ್ಯ ಮುಂದೆ ನಡೆದದ್ದು. ರಾಮಕೃಷ್ಣ ಹೆಗಡೆಯವರ ಸರ್ಕಾರದಲ್ಲಿ ಪಂಚಾಯತ್ ರಾಜ್ ಮಂತ್ರಿಗಳಾಗಿದ್ದ ಅಬ್ದುಲ್ ನಜೀರ್ ಸಾಬ್ ಅವರು ತಂದ 1983ರ ಕಾಯ್ದೆಯಂತೆ 1987ರ ಜನವರಿಯಲ್ಲಿ ಜಿಲ್ಲಾ ಪರಿಷತ್ತು, ಮಂಡಲ ಪಂಚಾಯಿತಿಗಳಿಗೆ ಚುನಾವಣೆ ಆಯಿತು. ನೂರಕ್ಕೆ ಇಪ್ಪತ್ತೈದು ಸ್ಥಾನ ಹೆಂಗಸರಿಗೆ ಎಂದು ಆಗಲೇ ಇಟ್ಟರು. ಊರೂರಿಗೆ ಬೋರ್‌ವೆಲ್ ಹಾಕಿಸಿದ ಅವರನ್ನು ಜನ ಪ್ರೀತಿಯಿಂದ 'ನೀರ್ ಸಾಬ್' ಎಂದೇ ಕರೆದರು. ಆಮೇಲೆ ಸಂವಿಧಾನದ 73ನೇ ತಿದ್ದುಪಡಿ ಬಂದು, 1993ರ ಮೇ ತಿಂಗಳಲ್ಲಿ ಈಗಿನ ಕರ್ನಾಟಕ ಪಂಚಾಯತ್ ರಾಜ್ ಕಾಯ್ದೆ ಜಾರಿಯಾಯಿತು. ಐದು ವರ್ಷಕ್ಕೊಮ್ಮೆ ಚುನಾವಣೆ ಆಗಬೇಕು, ಅದನ್ನು ರಾಜ್ಯ ಚುನಾವಣಾ ಆಯೋಗ ನಡೆಸಬೇಕು ಎಂದು ನಿಗದಿಯಾಯಿತು. 2010ರಿಂದ ಹೆಂಗಸರಿಗೆ ಅರ್ಧ ಸ್ಥಾನ.

ಆದರೂ ಕಾಯ್ದೆ ಬರೆದ ಮಾತ್ರಕ್ಕೆ ಚುನಾವಣೆ ತಾನಾಗಿ ನಡೆಯುವುದಿಲ್ಲ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳಿಗೆ 2016ರಲ್ಲಿ ಚುನಾವಣೆ ಆಗಿ, 2021ರಲ್ಲಿ ಅವಧಿ ಮುಗಿದ ಮೇಲೆ ವರ್ಷಗಟ್ಟಲೆ ಅಧಿಕಾರಿಗಳೇ ಆಡಳಿತ ನಡೆಸಿದರು. ಕೇಳುವವರು ಇಲ್ಲದಿದ್ದರೆ ಹಕ್ಕು ಮೂಲೆ ಸೇರುತ್ತದೆ.

'ನನ್ನೊಂದು ಓಟಿನಿಂದ ಏನಾದಾತು' ಎನ್ನುವವರಿಗೆ ಒಂದು ಸಂಗತಿ ಹೇಳಬೇಕು. ಪಕ್ಕದ ಚಾಮರಾಜನಗರ ಜಿಲ್ಲೆಯ ಸಂತೇಮರಹಳ್ಳಿ ಕ್ಷೇತ್ರದಲ್ಲಿ 2004ರ ವಿಧಾನಸಭಾ ಚುನಾವಣೆಯಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಓಟು, ಎ.ಆರ್. ಕೃಷ್ಣಮೂರ್ತಿ ಅವರಿಗೆ 40,751 ಓಟು. ಒಂದೇ ಓಟಿನಲ್ಲಿ ಒಬ್ಬರು ಶಾಸಕರಾದರು, ಒಬ್ಬರು ಮನೆಗೆ ಹೋದರು. ಹನಿಹನಿ ಸೇರಿದರೆ ಹಳ್ಳ ಅಂತ ಹಾಲು ಹಾಕುವ ನಮಗೆ ಬೇರೆ ಯಾರೂ ಹೇಳಿಕೊಡಬೇಕಾಗಿಲ್ಲ.

ಜಗಲಿ ಮೇಲಿನ ಹರಾಜು

ಈಗ ನಮ್ಮೂರಿನ ಮಾತು. 2020ರ ಡಿಸೆಂಬರಿನಲ್ಲಿ ಗ್ರಾಮ ಪಂಚಾಯಿತಿ ಚುನಾವಣೆ ಬಂತು. ಆ ಸಲ ರಾಜ್ಯದ ಹಲವು ಕಡೆ ಪಂಚಾಯಿತಿ ಸ್ಥಾನಗಳನ್ನು ಹರಾಜು ಹಾಕಿದ ಸುದ್ದಿ ಪತ್ರಿಕೆಗಳಲ್ಲಿ ಬಂದಿತ್ತು. ನಮ್ಮೂರಲ್ಲೂ ದೇವಸ್ಥಾನದ ಜಗಲಿ ಮೇಲೆ ಸಭೆ ಸೇರಿತು. "ಚುನಾವಣೆ ಅಂದ್ರೆ ಜಗಳ, ಕುಡಿತ, ಖರ್ಚು. ಯಾರು ಹೆಚ್ಚು ದುಡ್ಡು ಕೊಡ್ತಾರೋ ಅವರೇ ಮೆಂಬರಾಗ್ಲಿ, ಆ ದುಡ್ಡಲ್ಲಿ ಗುಡಿ ಕೆಲಸ ಮುಗಿಸೋಣ" ಎಂದು ಹಿರಿಯರೊಬ್ಬರು ಹೇಳಿದರು. ಬಚ್ಚಿಡದೆ ಹೇಳುತ್ತೇವೆ, ನಾವೂ ತಲೆ ಆಡಿಸಿದೆವು. ಗುಡಿಯ ಕೆಲಸ ಅರ್ಧಕ್ಕೆ ನಿಂತಿತ್ತು, ಊರಿನಲ್ಲಿ ಜಗಳ ಬೇಡವಾಗಿತ್ತು. ಕೂಗು ಎರಡು ಲಕ್ಷ ದಾಟಿತು.

ಆಗ ಹಿಂದೆ ಕಂಬಕ್ಕೆ ಒರಗಿ ಕೂತಿದ್ದ ನಮ್ಮ ಸಂಘದ ಸದಸ್ಯೆಯೊಬ್ಬರು ಎದ್ದು ನಿಂತರು. ವಯಸ್ಸಾದ ಹೆಂಗಸು, ಗಂಡ ಇಲ್ಲ, ಒಂದೇ ಹಸು. ಹೆಸರು ಹಾಕುವುದು ಬೇಡ ಎಂದಿದ್ದಾರೆ. ಅವರು ಕೇಳಿದ್ದು ಇಷ್ಟೇ: "ಯಜಮಾನ್ರೆ, ಡೈರೀಲಿ ಒಂದು ಹಸ ಇರೋ ನಂಗೂ ಒಂದೇ ಓಟು, ಹತ್ತು ಹಸ ಇರೋ ನಿಮಗೂ ಒಂದೇ ಓಟು ಅಂದ್ರಿ. ಇಲ್ಲಿ ಮಾತ್ರ ದುಡ್ಡಿರೋರದೇ ಓಟಾ? ನಾಳೆ ನಮ್ಮ ಬೀದಿ ನಲ್ಲೀಲಿ ನೀರು ಬರ್ದಿದ್ರೆ, ಎರಡು ಲಕ್ಷ ಕೊಟ್ಟೋನು ನನ್ನ ಮಾತು ಕೇಳ್ತಾನಾ, ಕೊಟ್ಟ ದುಡ್ಡು ಎಂಗೆ ತಕ್ಕೊಳ್ಳಾನ ಅಂತ ನೋಡ್ತಾನಾ?"

ಜಗಲಿ ಮೇಲೆ ಯಾರೂ ಮಾತಾಡಲಿಲ್ಲ. ನಮಗಂತೂ ತಲೆ ಎತ್ತಲಾಗಲಿಲ್ಲ. ಸಂಘದ ನಿರ್ದೇಶಕರಾಗಿ ಸಾಮಾನ್ಯ ಸಭೆಯಲ್ಲಿ ಸಹಕಾರ ತತ್ವದ ಭಾಷಣ ಮಾಡಿದವರು ನಾವೇ. ಹರಾಜು ಅಲ್ಲಿಗೇ ನಿಂತಿತು, ಚುನಾವಣೆ ನಡೆಯಿತು.

ಆದರೆ ಕಥೆ ಅಲ್ಲಿಗೆ ಮುಗಿಯಲಿಲ್ಲ. ಮತದಾನದ ದಿನ ಆ ತಾಯಿ ಹಾಲು ಹಾಕಿ, ಗುರುತಿನ ಚೀಟಿ ಹಿಡಿದು ಸಾಲಿನಲ್ಲಿ ನಿಂತರು. ಪಟ್ಟಿಯಲ್ಲಿ ಅವರ ಹೆಸರಿರಲಿಲ್ಲ. ವಿಚಾರಿಸಿದರೆ ತೀರಿಕೊಂಡವರೆಂದು ತೆಗೆದುಹಾಕಿದ್ದಾರೆ! "ಸತ್ತೋಳು ಬೆಳಿಗ್ಗೆ ಮೂರು ಲೀಟ್ರು ಹಾಲು ಹಾಕ್ತಾಳೇನಪ್ಪ?" ಎಂದು ನಕ್ಕು, ಸೆರಗಿನಲ್ಲಿ ಕಣ್ಣು ಒರೆಸಿಕೊಂಡು ಹೋದರು. ಸಂಜೆ ಲೆಕ್ಕ ಹಾಕಿದಾಗ ಆ ವಾರ್ಡಿನಲ್ಲಿ ನಮ್ಮ ಸಂಘದ ಏಳು ಮಂದಿಯ ಹೆಸರು ಬಿಟ್ಟುಹೋಗಿತ್ತು. ಹೆಚ್ಚಿನವರು ಮದುವೆಯಾಗಿ ಬಂದ ಸೊಸೆಯರು. ಎಣಿಕೆಯ ದಿನ ನೋಡಿದರೆ ಕೊನೆಗೆ ಗೆದ್ದವರಿಗೂ ಸೋತವರಿಗೂ ಇದ್ದ ಅಂತರ ನಾಲ್ಕು ಓಟು. 1952ರಲ್ಲಿ 28 ಲಕ್ಷ ಹೆಂಗಸರಿಗೆ ಆದದ್ದೇ ಅರವತ್ತೆಂಟು ವರ್ಷದ ಮೇಲೆ ನಮ್ಮೂರಲ್ಲಿ ಏಳು ಮಂದಿಗೆ ಆಯಿತು. ಯಾರ ತಪ್ಪು ಎಂದು ಬೆರಳು ತೋರಿಸುವುದಿಲ್ಲ. ಕರಡು ಪಟ್ಟಿ ಹಾಕಿದಾಗ ಹೋಗಿ ನೋಡದಿದ್ದುದು ನಮ್ಮ ತಪ್ಪೂ ಹೌದು.

ಸಂಘದ ತಿಳುವಳಿಕೆ ಪತ್ರ

ಅದಾದ ಮೇಲೆ ಆಡಳಿತ ಮಂಡಳಿಯಲ್ಲಿ ಮಾತಾಡಿ, ಯಾರಿಗೆ ಓಟು ಹಾಕಿ ಎಂದು ಸಂಘ ಎಂದೂ ಹೇಳಕೂಡದು, ಓಟು ಕೈತಪ್ಪದಂತೆ ನೋಡಿಕೊಳ್ಳುವುದನ್ನು ಮಾತ್ರ ಹೇಳಬೇಕು ಎಂದು ತೀರ್ಮಾನ ಮಾಡಿದೆವು. ಹಾಲು ಅಳೆಯುವ ಕಡೆ ಗೋಡೆಗೆ ಅಂಟಿಸಿದ ಆ ತಿಳುವಳಿಕೆ ಪತ್ರದ ಸಾರ ಇದು:

1. ಗುರುತಿನ ಚೀಟಿ ಇದ್ದ ಮಾತ್ರಕ್ಕೆ ಓಟಿಲ್ಲ. ಪಟ್ಟಿಯಲ್ಲಿ ಹೆಸರಿರಬೇಕು. ಪಂಚಾಯಿತಿಯ ವಾರ್ಡು ಪಟ್ಟಿ ತಯಾರಾಗುವುದು ವಿಧಾನಸಭೆಯ ಪಟ್ಟಿಯ ಆಧಾರದ ಮೇಲೆ. ಅಲ್ಲಿ ತಪ್ಪಿದರೆ ಇಲ್ಲೂ ತಪ್ಪಿತು.

2. ಹೊಸದಾಗಿ ಸೇರಲು ನಮೂನೆ 6. ಊರು ಬದಲಾದವರು, ಹೆಸರು ತಿದ್ದಬೇಕಾದವರು ನಮೂನೆ 8. ಸೊಸೆ ಮನೆಗೆ ಬಂದ ಮೇಲೆ ರೇಷನ್ ಕಾರ್ಡಿಗೆ ಸೇರಿಸಲು ತೋರುವ ಅವಸರವನ್ನು ಇದಕ್ಕೂ ತೋರಿಸಬೇಕು. ಹಿಂದೆ ಜನವರಿ 1ಕ್ಕೆ 18 ತುಂಬಿರಬೇಕಿತ್ತು. 2022ರಿಂದ ಏಪ್ರಿಲ್, ಜುಲೈ, ಅಕ್ಟೋಬರ್ ಒಂದನೇ ತಾರೀಖುಗಳೂ ಲೆಕ್ಕಕ್ಕೆ ಬಂದಿವೆ.

3. ಗ್ರಾಮ ಪಂಚಾಯಿತಿಗೆ ಪಕ್ಷದ ಚಿಹ್ನೆ ಇಲ್ಲ. ಮನುಷ್ಯನನ್ನು ನೋಡಿ. ವಾರ್ಡಿನಲ್ಲಿ ಎಷ್ಟು ಸ್ಥಾನವೋ ಅಷ್ಟು ಓಟು, ಒಬ್ಬರಿಗೆ ಒಂದೇ.

4. ವಿಧಾನಸಭೆಗೆ ನಿಲ್ಲುವವರು ತಮ್ಮ ಆಸ್ತಿ, ಸಾಲ, ಮೇಲಿರುವ ಕ್ರಿಮಿನಲ್ ಕೇಸುಗಳನ್ನು ಪ್ರಮಾಣಪತ್ರದಲ್ಲಿ ಬರೆದುಕೊಡಬೇಕು. ಇದು ಸರ್ಕಾರ ತಾನಾಗಿ ಕೊಟ್ಟದ್ದಲ್ಲ. ಅಹಮದಾಬಾದಿನ ಕೆಲವು ಪ್ರಾಧ್ಯಾಪಕರು 1999ರಲ್ಲಿ ಸಂಘ ಕಟ್ಟಿಕೊಂಡು ಕೋರ್ಟಿಗೆ ಹೋಗಿ, 2002ರಲ್ಲಿ ಸುಪ್ರೀಂ ಕೋರ್ಟಿನಿಂದ ಪಡೆದದ್ದು. ಅದನ್ನು ಓದಿ, ಓದಿಸಿ ಕೇಳಿ.

5. ಯಾರೂ ಒಪ್ಪಿಗೆ ಇಲ್ಲದಿದ್ದರೆ ವಿಧಾನಸಭೆ, ಲೋಕಸಭೆ ಚುನಾವಣೆಯಲ್ಲಿ 2013ರಿಂದ 'ನೋಟಾ' ಗುಂಡಿ ಇದೆ. ನಿಮ್ಮ ಹೆಸರಿನಲ್ಲಿ ಬೇರೆಯವರು ಹಾಕಿಬಿಟ್ಟಿದ್ದರೆ ಸುಮ್ಮನೆ ವಾಪಸು ಬರಬೇಡಿ. ಮತಗಟ್ಟೆ ಅಧಿಕಾರಿಗೆ ಹೇಳಿ ಟೆಂಡರ್ ಮತ ಕೇಳಿ.

6. ದುಡ್ಡು, ಸೀರೆ, ಬಾಟಲಿ ಕೊಡುವುದೂ ಅಪರಾಧ, ತೆಗೆದುಕೊಳ್ಳುವುದೂ ಅಪರಾಧ. ಐದು ನೂರು ರೂಪಾಯಿಯನ್ನು ಐದು ವರ್ಷಕ್ಕೆ ಹಂಚಿ ನೋಡಿ, ದಿನಕ್ಕೆ ಮೂವತ್ತು ಪೈಸೆಯೂ ಬರುವುದಿಲ್ಲ. ಒಂದು ಲೋಟ ಹಾಲಿಗೂ ಸಾಲದು.

7. ನಮ್ಮ ಸಂಘದ ಚುನಾವಣೆಗೆ ಪಟ್ಟಿಯೇ ಬೇರೆ. ಅದು ಸದಸ್ಯರ ಪುಸ್ತಕದಿಂದ ಬರುತ್ತದೆ. ಆದ್ದರಿಂದ ವ್ಯವಹಾರ ನಿಲ್ಲಿಸಬೇಡಿ, ಬಾಕಿ ಉಳಿಸಿಕೊಳ್ಳಬೇಡಿ, ಸಾಮಾನ್ಯ ಸಭೆಗೆ ಬಂದು ಸಹಿ ಮಾಡಿ.

ಈಗ ಪ್ರತಿ ಸಲ ಕರಡು ಪಟ್ಟಿ ಹಾಕಿದಾಗ ಬೆಳಗಿನ ಹಾಲಿನ ಹೊತ್ತಿಗೆ ಕಾರ್ಯದರ್ಶಿಯವರು ಅದನ್ನು ಗಟ್ಟಿಯಾಗಿ ಓದುತ್ತಾರೆ. ತಮ್ಮ ಹೆಸರು ಬಾರದವರು ಕ್ಯಾನು ಕೆಳಗಿಟ್ಟು ಕೈ ಎತ್ತುತ್ತಾರೆ. ಆ ಏಳು ಮಂದಿಯ ಹೆಸರೂ ಮತ್ತೆ ಸೇರಿತು. 2023ರ ಮೇ 10ರಂದು ವಿಧಾನಸಭಾ ಚುನಾವಣೆ ದಿನ ಆ ತಾಯಿ ಓಟು ಹಾಕಿ, ಸಂಜೆ ಹಾಲು ಹಾಕಲು ಬಂದಾಗ ಶಾಯಿಯ ಬೆರಳು ಎತ್ತಿ ತೋರಿಸಿ, "ನೋಡ್ರಪ್ಪ, ಬದುಕಿದೀನಿ" ಎಂದರು. ನೆರೆದವರೆಲ್ಲ ನಕ್ಕರು. ಈ ಇಪ್ಪತ್ತೈದು ವರ್ಷದಲ್ಲಿ ಸಂಘ ಎಷ್ಟೋ ಲೀಟರ್ ಹಾಲು ಅಳೆದಿದೆ, ಬೋನಸ್ ಹಂಚಿದೆ, ಕಟ್ಟಡ ಕಟ್ಟಿದೆ. ಅವುಗಳ ಜೊತೆಗೆ ಇದನ್ನೂ ಲೆಕ್ಕಕ್ಕೆ ಬರೆಯಬೇಕೆಂದು ನಮ್ಮ ಆಸೆ.

ರಾಮರಾಜ್ಯ ಬಂದರೂ ರಾಗಿ ಬೀಸೋದು ತಪ್ಪಲಿಲ್ಲ ಅಂತ ಗಾದೆ ಇದೆ. ನಿಜ, ಬೀಸುವುದು ತಪ್ಪುವುದಿಲ್ಲ. ಆದರೆ ಬೀಸಿದ ಹಿಟ್ಟು ಯಾರ ಪಾಲಾಗಬೇಕು ಎಂದು ಹೇಳುವ ಬಾಯಿ ನಮಗೆ ಓಟಿನಿಂದ ಬಂದಿದೆ. ಅದನ್ನು ಮಾರಿಕೊಳ್ಳದೆ, ಮರೆಯದೆ, ಮಕ್ಕಳಿಗೂ ಕಲಿಸೋಣ. ಬರವಣಿಗೆಯಲ್ಲಿ ತಪ್ಪಿದ್ದರೆ ಹಿರಿಯರು ತಿದ್ದಿ ಓದಿಕೊಳ್ಳಬೇಕೆಂದು ಬೇಡುತ್ತೇವೆ.

ಜೈ ಸಹಕಾರ! ಜೈ ಕರ್ನಾಟಕ!