ಬೆರಳ ತುದಿಗೆ ಬಂದ ಚಿತ್ರ: ಒಂದು ಮಿತವ್ಯಯದ ಇತಿಹಾಸ



ಮೊಬೈಲಿನಲ್ಲಿ ಒಂದು ಆ್ಯಪ್ ತೆರೆದು ಬೆರಳಿನಿಂದ ಸರಿಸುತ್ತ ಹೋದರೆ ಚಿತ್ರಗಳು ಒಂದರ ಹಿಂದೆ ಒಂದು ಬರುತ್ತವೆ. ಹಿಂದಕ್ಕೆ ಸರಿಸಿದರೆ, ಆಗಲೇ ನೋಡಿದ ಚಿತ್ರ ತಕ್ಷಣ ಕಾಣಿಸುತ್ತದೆ. ಕಾಯಬೇಕಾಗಿಲ್ಲ, ಆ್ಯಪ್ ಚೆನ್ನಾಗಿ ಮಾಡಿದ್ದಾದರೆ ಡೇಟಾ ಎರಡನೇ ಸಲ ಖರ್ಚಾಗುವುದೂ ಇಲ್ಲ. ಈ ಅನುಕೂಲ ತಾನಾಗಿ ಒದಗಿದ್ದಲ್ಲ. ಇದರ ಹಿಂದೆ ಅರ್ಧ ಶತಮಾನಕ್ಕೂ ಮಿಕ್ಕಿದ ಇತಿಹಾಸವಿದೆ. ಅದರ ಒಂದು ಮುಖ್ಯ ಅಧ್ಯಾಯ ಬರೆದವರು ನಮ್ಮ ಬೆಂಗಳೂರಿನಲ್ಲೇ ಹುಟ್ಟಿ ಓದಿದವರು ಎಂಬುದು ನಿಮಗೆ ಗೊತ್ತೇ?

ಮೊದಲು ಒಂದು ಲೆಕ್ಕ ಮಾಡೋಣ. 4000 ಪಿಕ್ಸೆಲ್ ಅಗಲ, 3000 ಪಿಕ್ಸೆಲ್ ಎತ್ತರದ ಫೋಟೋದಲ್ಲಿ 1 ಕೋಟಿ 20 ಲಕ್ಷ ಪಿಕ್ಸೆಲ್‌ಗಳಿವೆ. ಪರದೆಯ ಮೇಲೆ ತೋರಿಸಲು ಪ್ರತಿಯೊಂದಕ್ಕೂ 4 ಬೈಟ್ ಬೇಕೆಂದರೆ ಒಟ್ಟು 48 ಎಂಬಿ ಜಾಗ ಬೇಕು. ಇಂಥ ಭಾರವನ್ನು ಹಗುರಮಾಡಲು ಇರುವ ದಾರಿಗಳು ಎರಡು: ಬೇಡವಾದದ್ದನ್ನು ತರಬಾರದು, ತಂದದ್ದನ್ನು ಮತ್ತೆ ತರಬಾರದು.

ಮೊದಲ ದಾರಿ ತೋರಿಸಿದವರು ನಾಸಿರ್ ಅಹ್ಮದ್. 1940ರಲ್ಲಿ ಬೆಂಗಳೂರಿನಲ್ಲಿ ಜನಿಸಿದ ಅವರು 1961ರಲ್ಲಿ ಇಲ್ಲಿನ ವಿಶ್ವೇಶ್ವರಯ್ಯ ಎಂಜಿನಿಯರಿಂಗ್ ಕಾಲೇಜಿನಿಂದ ಪದವಿ ಪಡೆದು ಅಮೆರಿಕಕ್ಕೆ ತೆರಳಿದರು. ಹತ್ತನೇ ತರಗತಿಯ ತ್ರಿಕೋನಮಿತಿಯಲ್ಲಿ ನೀವು ಓದುವ ಕೊಸೈನ್ ಅನ್ನೇ ಬಳಸಿ ಚಿತ್ರದ ಮಾಹಿತಿಯನ್ನು ಅಡಕಗೊಳಿಸಬಹುದೆಂದು ಅವರಿಗೆ ಹೊಳೆಯಿತು. 1972ರಲ್ಲಿ ಅಲ್ಲಿನ ರಾಷ್ಟ್ರೀಯ ವಿಜ್ಞಾನ ಪ್ರತಿಷ್ಠಾನಕ್ಕೆ ಧನಸಹಾಯ ಕೋರಿ ಅರ್ಜಿ ಹಾಕಿದರು. ಅರ್ಜಿ ತಿರಸ್ಕೃತವಾಯಿತು. ವಿಚಾರ ತೀರಾ ಸರಳವಾಗಿದೆ ಎಂಬುದು ಒಬ್ಬ ಪರಿಶೀಲಕರ ಅಭಿಪ್ರಾಯವಾಗಿತ್ತು! ಅಹ್ಮದ್ ಕೈಬಿಡಲಿಲ್ಲ. ತಮ್ಮ ವಿದ್ಯಾರ್ಥಿ ಟಿ. ನಟರಾಜನ್ ಮತ್ತು ಮಿತ್ರ ಕೆ. ಆರ್. ರಾವ್ ಅವರೊಂದಿಗೆ ಕೆಲಸ ಮುಂದುವರಿಸಿ 1974ರ ಜನವರಿಯಲ್ಲಿ ಪ್ರಬಂಧ ಪ್ರಕಟಿಸಿದರು. 1992ರಲ್ಲಿ ಮಾನ್ಯತೆ ಪಡೆದ ಜೆಪೆಗ್ ವಿಧಾನ ನಿಂತಿರುವುದು ಇದೇ ಬುನಾದಿಯ ಮೇಲೆ. ಚಿತ್ರವನ್ನು 8 ಸಾಲು, 8 ಕಂಬಗಳ ಚೌಕಗಳಾಗಿ ಕತ್ತರಿಸಿ, ಕಣ್ಣು ಗುರುತಿಸಲಾರದ ಸೂಕ್ಷ್ಮ ವ್ಯತ್ಯಾಸಗಳನ್ನು ಅದು ಬಿಟ್ಟುಬಿಡುತ್ತದೆ. ಹೀಗಾಗಿ ಆ 48 ಎಂಬಿ ಚಿತ್ರ ಕೆಲವೇ ಎಂಬಿಗಳ ಕಡತವಾಗಿ ನಮ್ಮನ್ನು ತಲುಪುತ್ತದೆ.

ಎರಡನೆಯ ದಾರಿಯ ಹೆಸರು ಕ್ಯಾಶ್. ಇದು ಹಣದ ಕ್ಯಾಶ್ ಅಲ್ಲ. ಅಡಗಿಸಿಡು ಎಂಬರ್ಥದ ಫ್ರೆಂಚ್ ಪದದಿಂದ ಬಂದದ್ದು. 1965ರಲ್ಲಿ ಕೇಂಬ್ರಿಡ್ಜ್‌ನ ಮಾರಿಸ್ ವಿಲ್ಕ್ಸ್, ದೊಡ್ಡ ಮೆಮೊರಿಯ ಪಕ್ಕದಲ್ಲಿ ಚಿಕ್ಕದಾದ, ವೇಗದ ಮೆಮೊರಿಯೊಂದನ್ನು ಇಡುವ ವಿಚಾರ ಬರೆದರು. 1968ರಲ್ಲಿ ಐಬಿಎಂ ತನ್ನ ಸಿಸ್ಟಂ 360ರ 85ನೇ ಮಾದರಿಯಲ್ಲಿ ಅದನ್ನು ಅಳವಡಿಸಿತು.

ನಿಮ್ಮ ಮನೆಯನ್ನೇ ನೋಡಿ. ಒಲೆಯ ಪಕ್ಕ ಮಸಾಲೆ ಡಬ್ಬಿ, ಒಳಗೆ ಉಗ್ರಾಣ, ದೂರದಲ್ಲಿ ಸಂತೆ. ಒಂದು ಚಿಟಿಕೆ ಅರಿಶಿನಕ್ಕಾಗಿ ಅಮ್ಮ ಪ್ರತಿಸಲ ಸಂತೆಗೆ ಓಡುವರೇ? ಫೋನಿನಲ್ಲೂ ಹಾಗೆಯೇ. ಆ್ಯಪ್ ಮೊದಲು ಮೆಮೊರಿಯಲ್ಲಿ, ಬಳಿಕ ಫೋನಿನ ಸಂಗ್ರಹದಲ್ಲಿ ಹುಡುಕುತ್ತದೆ; ಎರಡರಲ್ಲೂ ಸಿಗದಿದ್ದರೆ ಮಾತ್ರ ಅಂತರ್ಜಾಲಕ್ಕೆ ಹೋಗುತ್ತದೆ. ಡಬ್ಬಿ ತುಂಬಿದಾಗ, ಬಹಳ ಹೊತ್ತಿನಿಂದ ಬಳಸದಿರುವುದನ್ನು ಮೊದಲು ತೆಗೆಯುವುದು ವಾಡಿಕೆ.

ಇಟ್ಟದ್ದು ಹಳಸಿದ್ದರೆ? ಅದಕ್ಕೂ ಉಪಾಯವಿದೆ. 1997ರ ಎಚ್‌ಟಿಟಿಪಿ 1.1 ನಿಯಮಗಳ ಪ್ರಕಾರ ಸರ್ವರ್ ಚಿತ್ರದ ಜೊತೆ ಒಂದು ಗುರುತುಚೀಟಿಯನ್ನು ಕಳಿಸಬಹುದು. ಮುಂದೆ ಫೋನ್ ಆ ಗುರುತು ತೋರಿಸಿ ಕೇಳಿದಾಗ, ಚಿತ್ರ ಬದಲಾಗಿರದಿದ್ದರೆ ಸರ್ವರ್ 304 ಎಂಬ ಪುಟ್ಟ ಉತ್ತರವನ್ನಷ್ಟೇ ಕೊಡುತ್ತದೆ. ಚಿತ್ರ ಮತ್ತೆ ಪ್ರಯಾಣ ಮಾಡುವುದಿಲ್ಲ.

2008ರಲ್ಲಿ ಮೊದಲ ಆಂಡ್ರಾಯ್ಡ್ ಫೋನ್ ಬಂದಾಗ ಈ ಮಿತವ್ಯಯ ಅನಿವಾರ್ಯವಾಯಿತು. ಆಗ ಒಂದು ಆ್ಯಪ್‌ಗೆ ಸಿಗುತ್ತಿದ್ದ ಮೆಮೊರಿ ಸುಮಾರು 16 ಎಂಬಿ. ಒಂದೇ ದೊಡ್ಡ ಫೋಟೋ ಪೂರ್ತಿ ಬಿಚ್ಚಿಕೊಂಡರೆ ಆ್ಯಪ್ ಕುಸಿದು ಬೀಳುತ್ತಿತ್ತು. ಆದ್ದರಿಂದ ಪರದೆಯ ಜಾಗಕ್ಕೆ ತಕ್ಕಂತೆ ಚಿತ್ರವನ್ನು ಕಿರಿದುಗೊಳಿಸಿಯೇ ಬಿಚ್ಚುವ ಪದ್ಧತಿ ಬಂತು. 400ಕ್ಕೆ 300ರ ಅಳತೆಗೆ ಇಳಿಸಿದರೆ ಸಾಕಾಗುವ ಜಾಗ ನಮ್ಮ ಲೆಕ್ಕದ 48 ಎಂಬಿಯ ನೂರನೇ ಒಂದು ಭಾಗ! 2013ರಲ್ಲಿ ಸ್ಕ್ವೇರ್ ಸಂಸ್ಥೆ ಪಿಕಾಸೊ ಎಂಬ ಸಿದ್ಧ ತಂತ್ರಾಂಶವನ್ನು, 2015ರಲ್ಲಿ ಫೇಸ್‌ಬುಕ್ ಫ್ರೆಸ್ಕೊವನ್ನು ಎಲ್ಲರಿಗೂ ಮುಕ್ತವಾಗಿ ನೀಡಿದವು. ಕಿರಿದುಗೊಳಿಸುವುದು, ಕೂಡಿಡುವುದು, ಸರಿಸಿಬಿಟ್ಟ ಚಿತ್ರದ ಕೋರಿಕೆಯನ್ನು ರದ್ದು ಮಾಡುವುದು ಮುಂತಾದ ಕೆಲಸಗಳನ್ನು ಇಂಥ ತಂತ್ರಾಂಶಗಳೇ ನೋಡಿಕೊಳ್ಳುತ್ತವೆ.

ಮಿತ್ರರೇ, ನಿಮ್ಮಲ್ಲಿ ಕೆಲವರು ನಾಳೆ ಆ್ಯಪ್‌ಗಳನ್ನು ರಚಿಸುವವರು. ಆಗ ಈ ಇತಿಹಾಸ ನೆನಪಿರಲಿ. ಬೆಲೆಬಾಳುವ ಫೋನ್ ಇರುವವನಿಗೆ ಪೋಲಾದ 10 ಎಂಬಿ ಲೆಕ್ಕಕ್ಕೇ ಬಾರದು. ಆದರೆ ಮನೆಮಂದಿಗೆಲ್ಲ ಇರುವ ಒಂದೇ ಹಳೆಯ ಫೋನಿನಲ್ಲಿ, ಅಂದಿನ ಡೇಟಾ ಮುಗಿಯುವುದರೊಳಗೆ ಪಾಠದ ಚಿತ್ರ ನೋಡಬೇಕಾದ ಹುಡುಗಿಗೆ ಅದೇ ಒಂದು ಪಾಠದ ಅಳಿವು ಉಳಿವು. ಅವಳನ್ನು ಕಣ್ಣಮುಂದೆ ಇಟ್ಟುಕೊಂಡು ಕೆಲಸ ಮಾಡಿ. ನಿಮ್ಮ ಆಲೋಚನೆಯನ್ನು ಯಾರಾದರೂ ತೀರಾ ಸರಳ ಎಂದು ತಳ್ಳಿಹಾಕಿದರೆ, ಬೆಂಗಳೂರಿನ ಆ ಎಂಜಿನಿಯರನ್ನು ನೆನೆದು ಕೆಲಸ ಮುಂದುವರಿಸಿ.